ಒಂದೇ ಯುದ್ಧ, ಎರಡು ಅಡುಗೆಮನೆ

1944ರ ಸೆಪ್ಟೆಂಬರ್. ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ನೆದರ್ಲೆಂಡ್ಸ್‌ನ ದಕ್ಷಿಣದ ತುದಿಗೆ ಮಿತ್ರರಾಷ್ಟ್ರಗಳ ಸೇನೆ ಬಂದಾಗಿತ್ತು, ಉಳಿದ ಭಾಗ ಇನ್ನೂ ಜರ್ಮನ್ನರ ಕೈಯಲ್ಲಿತ್ತು. ಲಂಡನ್‌ನಲ್ಲಿದ್ದ ಡಚ್ ಸರ್ಕಾರ ತನ್ನ ರೈಲ್ವೆ ನೌಕರರಿಗೆ ಮುಷ್ಕರ ಹೂಡಿ ಅಂತ ಕರೆ ಕೊಟ್ಟಿತು. ರೈಲುಗಳು ನಿಂತವು. ಸಿಟ್ಟಾದ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಹೋಗದ ಹಾಗೆ ತಡೆದರು. ಅದರ ಮೇಲೆ ಚಳಿಗಾಲ ಬಂತು, ಕಾಲುವೆಗಳು ಹೆಪ್ಪುಗಟ್ಟಿದವು, ದೋಣಿಗಳೂ ನಿಂತವು. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ನಗರಗಳ ಜನ ಸಕ್ಕರೆ ಬೀಟ್‌ರೂಟ್ ತಿಂದರು, ಕೊನೆಗೆ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20 ಸಾವಿರ ಜನ ಸತ್ತರು. ಡಚ್ಚರು ಇವತ್ತಿಗೂ ಅದನ್ನು 'ಹಸಿವಿನ ಚಳಿಗಾಲ' ಅಂತಲೇ ಕರೆಯುತ್ತಾರೆ.

ಹೇಗ್ ನಗರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಮಾತ್ರ ಆ ಚಳಿಗಾಲ ಒಂದು ವಿಚಿತ್ರ ಕಂಡಿತು. ಊರಿನ ಮಕ್ಕಳೆಲ್ಲ ಸೊರಗುತ್ತಿದ್ದಾಗ, ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಕೆಲವು ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು. ಡೊಳ್ಳು ಹೊಟ್ಟೆ, ಕಡ್ಡಿ ಕೈಕಾಲು, ನಿಲ್ಲದ ಭೇದಿ ಇದ್ದ ಮಕ್ಕಳು ಅವರು. ಎಲ್ಲರ ಹೊಟ್ಟೆಗೂ ಬ್ರೆಡ್ ಇಲ್ಲದ ಕಾಲದಲ್ಲಿ ಇವರಿಗೆ ಮೈ ಹಿಡಿಯಿತು. ಆಮೇಲೆ ಹೊರಗಿನಿಂದ ಬ್ರೆಡ್ ಬಂತು. ಹಸಿದವರಿಗೆಲ್ಲ ಅದು ದೇವರು ಬಂದ ಹಾಗೆ. ಈ ಮಕ್ಕಳಿಗೆ ಮಾತ್ರ ಮತ್ತೆ ಭೇದಿ ಶುರುವಾಯಿತು.

ಇದನ್ನೆಲ್ಲ ನೋಡುತ್ತಿದ್ದ ಡಾಕ್ಟರ ಹೆಸರು ವಿಲ್ಲೆಮ್ ಕಾರೆಲ್ ಡಿಕ್ಕೆ. ನಾನು ಇವತ್ತು ಬೆಳಗ್ಗೆ ಏನು ತಿಂದೆ, ಮಧ್ಯಾಹ್ನ ಏನು ತಿನ್ನಲಿಲ್ಲ ಅನ್ನೋದನ್ನು ನಿರ್ಧರಿಸಿದ ಮನುಷ್ಯ ಇವನೇ. ಯಾಕಂದ್ರೆ ನನಗಿರೋದೂ ಆ ಮಕ್ಕಳಿಗಿದ್ದ ಕಾಯಿಲೆಯೇ. ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳಲ್ಲಿರುವ ಗ್ಲೂಟನ್ ಅನ್ನೋ ಪ್ರೋಟೀನ್ ಒಳಗೆ ಹೋದರೆ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಟರ್ಕಿ ಟವೆಲ್ ನೋಡಿದ್ದೀರಲ್ಲ, ಮೇಲೆಲ್ಲ ಸಣ್ಣ ಸಣ್ಣ ನೂಲಿನ ಕುಣಿಕೆಗಳಿರುತ್ತವೆ. ಕರುಳಿನ ಒಳಗೋಡೆಯೂ ಹಾಗೇ ಇರುತ್ತದೆ. ಆ ಕುಣಿಕೆಗಳೇ ಊಟದ ಸಾರ ಹೀರೋದು. ನನ್ನಂಥವರ ಕರುಳಿನಲ್ಲಿ ಅದು ಸವೆದು ಹಳೇ ಲುಂಗಿಯ ಹಾಗೆ ನುಣ್ಣಗಾಗಿರುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ. ಇರೋದು ಒಂದೇ ಮದ್ದು, ಗ್ಲೂಟನ್ ಬಿಡೋದು. ಒಂದು ವಾರ, ಒಂದು ತಿಂಗಳಲ್ಲ, ಬದುಕಿರುವವರೆಗೆ.

ಇವತ್ತು 'ಗ್ಲೂಟನ್ ಫ್ರೀ' ಅಂದರೆ ಇಂದಿರಾನಗರದ ಕೆಫೆಯ ಮೆನು ಕಾರ್ಡಿನಲ್ಲಿ ಇನ್ನೂರು ರೂಪಾಯಿ ಜಾಸ್ತಿ ಕೇಳುವ ಫ್ಯಾಷನ್ ಅಂದುಕೊಂಡವರೇ ಹೆಚ್ಚು. ಅವರ ತಪ್ಪೂ ಅಲ್ಲ ಬಿಡಿ. ಆದರೆ ಇದರ ಹಿಂದೆ ಸುಮಾರು ಎರಡು ಸಾವಿರ ವರ್ಷದ ಒದ್ದಾಟ ಇದೆ. ಅದರ ಒಂದು ಎಳೆ ನಮ್ಮ ಬೆಂಗಳೂರಿನ ಹೋಟೆಲ್ಲಿಗೂ, ಇನ್ನೊಂದು ಎಳೆ ಮಂಡ್ಯದ ರಾಗಿ ಹೊಲಕ್ಕೂ ಬರುತ್ತದೆ. ಆ ಕಥೆ ಹೇಳೋಣ ಅಂತ.

*

ಈ ಕಾಯಿಲೆಯನ್ನು ಮೊದಲು ಬರೆದಿಟ್ಟವನು ಅರೆಟಿಯಸ್ ಅನ್ನೋ ಗ್ರೀಕ್ ವೈದ್ಯ, ಕ್ರಿಸ್ತಶಕದ ಮೊದಲ ಎರಡು ಶತಮಾನಗಳ ಆಸುಪಾಸಿನವನು. ತಿಂದದ್ದು ಜೀರ್ಣವಾಗದೆ ಹೊರಗೆ ಹೋಗುವ, ಮೈ ಕರಗುವ ರೋಗಿಗಳನ್ನು ಅವನು ಹೊಟ್ಟೆಗೆ ಗ್ರೀಕಿನಲ್ಲಿರುವ ಪದದಿಂದಲೇ ಕರೆದ. ಸೀಲಿಯಾಕ್ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಕಾಯಿಲೆಗೆ ಹೆಸರೇನೋ ಸಿಕ್ಕಿತು, ಕಾರಣ ಸಿಗಲಿಲ್ಲ.

ಗ್ಲೂಟನ್ ಸಿಕ್ಕಿದ್ದು ಬೇರೆಯೇ ದಾರಿಯಲ್ಲಿ. ಇಟಲಿಯ ಬೊಲೊನ್ಯಾದಲ್ಲಿ ಬೆಕ್ಕಾರಿ ಅನ್ನೋ ವಿಜ್ಞಾನಿ 1728ರಲ್ಲಿ ಗೋಧಿ ಹಿಟ್ಟನ್ನು ಕಲಸಿ ನೀರಿನಲ್ಲಿ ತೊಳೆದು ತೋರಿಸಿದ. ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಚಪಾತಿ ಹಿಟ್ಟಿನ ಉಂಡೆ ತಗೊಂಡು ನಲ್ಲಿಯ ಕೆಳಗೆ ಹಿಸುಕುತ್ತಾ ಹೋಗಿ. ಬಿಳೀ ನೀರು ಹರಿದು ಹೋಗುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ಚೂಯಿಂಗ್ ಗಮ್ ಥರದ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲೂಟನ್. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಅಂಟು ಅಂತ ಅರ್ಥ. ಪರೋಟ ಪದರ ಪದರವಾಗಿ ಬರೋದು, ಬನ್ನು ಉಬ್ಬೋದು, ಚಪಾತಿ ಹರಿಯದೆ ಲಟ್ಟಣಿಗೆ ಕೆಳಗೆ ಅಗಲವಾಗೋದು, ಎಲ್ಲ ಈ ಅಂಟಿನ ಮಹಿಮೆ. ಆದರೆ ಈ ಅಂಟಿಗೂ ಅರೆಟಿಯಸ್ ಬರೆದ ಕಾಯಿಲೆಗೂ ನಂಟಿದೆ ಅಂತ ಗೊತ್ತಾಗಲು ಇನ್ನೂ ಇನ್ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

1888ರಲ್ಲಿ ಲಂಡನ್‌ನ ಸ್ಯಾಮ್ಯುಯೆಲ್ ಗೀ ಅನ್ನೋ ಡಾಕ್ಟರು ಈ ಕಾಯಿಲೆಯ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಇದು ವಾಸಿಯಾಗುವುದಿದ್ದರೆ ಅದು ಊಟದ ಪಥ್ಯದಿಂದಲೇ ಅಂತ ಅವರು ಸರಿಯಾಗಿ ಊಹಿಸಿದ್ದರು. ಯಾವ ಪಥ್ಯ ಅನ್ನೋದೇ ಗೊತ್ತಿರಲಿಲ್ಲ. ಅವರ ಒಬ್ಬ ಪುಟ್ಟ ರೋಗಿಗೆ ದಿನಾ ರಾಶಿ ರಾಶಿ ಡಚ್ ಮಳಿ, ಅಂದರೆ ನಮ್ಮ ಕರಾವಳಿಯವರು ತಿನ್ನುವಂಥ ಚಿಪ್ಪಿನ ಮೀನು, ಕೊಟ್ಟರಂತೆ. ಮಗು ಗುಂಡಗಾಯಿತು. ಮಳಿಯ ಸೀಸನ್ ಮುಗಿಯಿತು, ಮಗು ಮತ್ತೆ ಮಲಗಿತು. ಮುಂದಿನ ಸೀಸನ್ನಿಗೆ ಎಷ್ಟು ಬಲವಂತ ಮಾಡಿದರೂ ಮಗು ಅದನ್ನು ಬಾಯಿಗೆ ಹಾಕಲಿಲ್ಲ. ಪಾಪ, ಯಾರು ತಾನೇ ದಿನಾ ಅದನ್ನೇ ತಿಂದಾರು?

ಮುಂದೆ 1924. ನ್ಯೂಯಾರ್ಕಿನ ಸಿಡ್ನಿ ಹಾಸ್ ಅನ್ನೋ ಮಕ್ಕಳ ಡಾಕ್ಟರು ಬಾಳೆಹಣ್ಣಿನ ಪಥ್ಯ ಶುರುಮಾಡಿದರು. ಬ್ರೆಡ್, ಬಿಸ್ಕೆಟ್, ಆಲೂಗಡ್ಡೆ, ಧಾನ್ಯ ಎಲ್ಲ ಬಂದ್. ಬಾಳೆಹಣ್ಣು ಮುಖ್ಯ ಊಟ. ಸಾವಿನ ಅಂಚಿನಲ್ಲಿದ್ದ ಮಕ್ಕಳು ಎದ್ದು ಓಡಾಡಿದರು. ಅಪ್ಪ ಅಮ್ಮಂದಿರ ಪಾಲಿಗೆ ಹಾಸ್ ದೇವರಾದರು. ಅವರು ಮಾಡಿದ ಕೆಲಸ ನಿಜಕ್ಕೂ ದೊಡ್ಡದು, ಎಷ್ಟೋ ಮಕ್ಕಳ ಜೀವ ಉಳಿಯಿತು. ಆದರೆ ಅವರು ಎಣಿಸಿದ್ದು ಬಾಳೆಹಣ್ಣೇ ಮದ್ದು ಅಂತ. ಅಸಲಿಗೆ ಕೆಲಸ ಮಾಡಿದ್ದು ತಟ್ಟೆಯಲ್ಲಿದ್ದ ಬಾಳೆಹಣ್ಣಲ್ಲ, ತಟ್ಟೆಯಿಂದ ಹೋದ ಬ್ರೆಡ್. ಹುಷಾರಾದ ಮಕ್ಕಳು ಕಾಯಿಲೆ ವಾಸಿಯಾಯಿತು ಅಂದುಕೊಂಡು ಮತ್ತೆ ಬ್ರೆಡ್ಡಿಗೆ ಹೋದರೆ ಒಳಗೆ ಹಾನಿ ಮತ್ತೆ ಶುರು.

ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರೊಡಕ್ಷನ್ ಸರ್ವರ್ ಬಿದ್ದಿದೆ. ಯಾರೋ ಹತ್ತು ಬದಲಾವಣೆ ಒಟ್ಟಿಗೆ ಮಾಡಿದರು, ಎದ್ದಿತು. ಯಾವುದರಿಂದ ಎದ್ದಿತು? ಗೊತ್ತಿಲ್ಲ. ಕೊನೆಗೆ ಮಾಡಿದ ಬದಲಾವಣೆಗೆ ಕೀರ್ತಿ ಹೋಗುತ್ತದೆ. ಆರು ತಿಂಗಳ ಮೇಲೆ ಅದೇ ಬಗ್ ಮತ್ತೆ ಬರುತ್ತದೆ.

ಡಿಕ್ಕೆ ಮಾಡಿದ್ದು ಬೇರೆ ಥರ. ಹಸಿವಿನ ಚಳಿಗಾಲದಲ್ಲಿ ಆತನಿಗೆ ಇದ್ದಕ್ಕಿದ್ದಂತೆ ಹೊಳೆಯಿತು ಅಂತ ಕಥೆ ಹೇಳುವುದುಂಟು. ಕಥೆ ಚೆನ್ನಾಗಿದೆ, ಪೂರ್ತಿ ನಿಜವಲ್ಲ. ಗೋಧಿಯ ಮೇಲೆ ಆತನ ಅನುಮಾನ 1930ರ ದಶಕದಲ್ಲೇ ಶುರುವಾಗಿತ್ತು. ಬ್ರೆಡ್ ಬಿಡಿಸಿದ್ದಕ್ಕೆ ತನ್ನ ಮಗು ಹುಷಾರಾಯಿತು ಅಂತ ಒಬ್ಬ ತಾಯಿ ಹೇಳಿದ ಮಾತು ಅನುಮಾನಕ್ಕೆ ದಾರಿಯಾಯಿತು ಅಂತಾರೆ. ಯುದ್ಧದ ನಡುವೆ, 1941ರಲ್ಲೇ, ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬ್ರೆಡ್ ಇಲ್ಲದ ಪಥ್ಯದ ಬಗ್ಗೆ ಬರೆದಿದ್ದ. ಹಸಿವಿನ ಚಳಿಗಾಲ ಮಾಡಿದ್ದೇನೆಂದರೆ, ಯಾವ ಡಾಕ್ಟರೂ ಮಾಡಲಾಗದ ಪರೀಕ್ಷೆಯನ್ನು ಇಡೀ ಊರಿನ ಮೇಲೆ ಮಾಡಿತು. ಬ್ರೆಡ್ ಹೋಯಿತು, ಮಕ್ಕಳು ಎದ್ದರು. ಬ್ರೆಡ್ ಬಂತು, ಮಕ್ಕಳು ಬಿದ್ದರು. ನಮ್ಮ ಭಾಷೆಯಲ್ಲಿ, ಬಗ್ ರಿಪ್ರೊಡ್ಯೂಸ್ ಆಯಿತು.

ಯುದ್ಧ ಮುಗಿದ ಮೇಲೂ ಆತ ಚಪ್ಪಾಳೆ ತಟ್ಟಿಸಿಕೊಂಡು ಕೂರಲಿಲ್ಲ. ಮಕ್ಕಳನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡು ಒಂದೊಂದೇ ಧಾನ್ಯ ಕೊಟ್ಟು ನೋಡಿದ. ಅಕ್ಕಿ ಕೊಟ್ಟರೆ ಏನೂ ಆಗಲಿಲ್ಲ. ಮೆಕ್ಕೆಜೋಳಕ್ಕೂ ಏನೂ ಇಲ್ಲ. ಗೋಧಿ ಕೊಟ್ಟ ಕೂಡಲೇ ತೊಂದರೆ. ರೈ ಕೊಟ್ಟರೂ ತೊಂದರೆ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದ. ಫಾನ್ ಡೆ ಕಾಮರ್ ಅನ್ನೋ ರಸಾಯನ ವಿಜ್ಞಾನಿ ಮಲದಲ್ಲಿ ಎಷ್ಟು ಕೊಬ್ಬು ಹೋಗುತ್ತಿದೆ ಅಂತ ಅಳೆಯುವ ವಿಧಾನ ಮಾಡಿಕೊಟ್ಟಿದ್ದ. ಹಾಗಾಗಿ 'ಮಗು ಸುಧಾರಿಸಿದ ಹಾಗೆ ಕಾಣುತ್ತೆ' ಅನ್ನೋ ಬಾಯಿಮಾತಿನ ಬದಲು ಗ್ರಾಂ ಲೆಕ್ಕ ಸಿಕ್ಕಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾರ್ಲೆಟ್ ಆಂಡರ್ಸನ್ ಮತ್ತು ಜೊತೆಗಾರರು 1952ರಲ್ಲಿ ಬೆಕ್ಕಾರಿಯ ಹಾಗೆ ಗೋಧಿ ಹಿಟ್ಟನ್ನು ಬಿಡಿಸಿ ಕೊಟ್ಟು ನೋಡಿದರು. ಪಿಷ್ಟದಿಂದ ತೊಂದರೆಯಿಲ್ಲ, ಅಂಟಿನಿಂದಲೇ ತೊಂದರೆ ಅಂತ ಸಾಬೀತಾಯಿತು.

*

ಅದೇ ಯುದ್ಧ ನಮ್ಮ ಕಡೆ ಉಲ್ಟಾ ಕೆಲಸ ಮಾಡಿತು.

1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾಯಿತು. ಬರ್ಮಾದಿಂದ ಇಂಡಿಯಾಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಮುಂದಿನ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದಕ್ಷಿಣದಲ್ಲೂ ಅಕ್ಕಿಗೆ ತತ್ವಾರ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿದ್ದ, ಮುಂದೆ ಎಂಟಿಆರ್ ಅಂತ ಹೆಸರಾದ ಹೋಟೆಲ್ಲಿಗೂ ಇಡ್ಲಿಗೆ ಅಕ್ಕಿ ಸಾಲದಾಯಿತು. ಆಗ ಅಕ್ಕಿಯ ಬದಲು ಗೋಧಿ ರವೆ ಹಾಕಿ ನೋಡಿದರು, ಹಾಗೆ ಹುಟ್ಟಿದ್ದೇ ರವೆ ಇಡ್ಲಿ ಅಂತ ಆ ಹೋಟೆಲ್ಲಿನವರು ಹೇಳಿಕೊಂಡು ಬಂದಿದ್ದಾರೆ. ಗೋಡಂಬಿ, ಕೊತ್ತಂಬರಿ, ಒಂದು ಚಮಚ ತುಪ್ಪ, ಪಕ್ಕದಲ್ಲಿ ಆಲೂಗಡ್ಡೆ ಸಾಗು. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದವರಿಗೆ ಇದರ ರುಚಿ ಹೇಳಿಕೊಡಬೇಕಾಗಿಲ್ಲ.

ಒಂದೇ ಯುದ್ಧ. ಹೇಗ್ ನಗರದ ಮಕ್ಕಳ ತಟ್ಟೆಯಿಂದ ಗೋಧಿ ಕಿತ್ತುಕೊಂಡಿತು, ಅವರು ಬದುಕಿದರು. ಬೆಂಗಳೂರಿನ ತಟ್ಟೆಯಿಂದ ಅಕ್ಕಿ ಕಿತ್ತುಕೊಂಡು ಗೋಧಿ ಇಟ್ಟಿತು, ನಮಗೊಂದು ಹೊಸ ತಿಂಡಿ ಸಿಕ್ಕಿತು.

ಗೋಧಿ ಇಲ್ಲಿಗೆ ಹೊಸದು ಅಂತಲ್ಲ. ಬಿಜಾಪುರ, ಧಾರವಾಡದ ಕಡೆ ಜವೆ ಗೋಧಿ ಬಹಳ ಹಿಂದಿನಿಂದ ಇದೆ, ಅದರ ಹುಗ್ಗಿ ಇಲ್ಲದೆ ಅಲ್ಲಿ ಹಬ್ಬ ಆಗುವುದಿಲ್ಲ. (ಇಲ್ಲೊಂದು ಮಾತು. 'ಜವೆ ಗೋಧಿ ದೇಸಿ ತಳಿ, ಅದರಲ್ಲಿ ಗ್ಲೂಟನ್ ಇಲ್ಲ' ಅಂತ ವಾಟ್ಸ್ಆ್ಯಪಿನಲ್ಲಿ ಬರುತ್ತಿರುತ್ತದೆ. ಇದೆ. ಸೀಲಿಯಾಕ್ ಇರುವವರು ಅದನ್ನೂ ಮುಟ್ಟುವಂತಿಲ್ಲ.) ಆದರೆ ನಮ್ಮ ಮಂಡ್ಯ, ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಗೋಧಿ ದಿನದ ಊಟವೇ ಆಗಿರಲಿಲ್ಲ. ಅದು ಬಂದದ್ದು ಸರ್ಕಾರದ ದಾರಿಯಲ್ಲಿ. 1954ರಲ್ಲಿ ಅಮೆರಿಕ ಪಿಎಲ್ 480 ಅನ್ನೋ ಕಾನೂನು ಮಾಡಿ ತನ್ನ ಹೆಚ್ಚುವರಿ ಧಾನ್ಯವನ್ನು ಬೇರೆ ದೇಶಗಳಿಗೆ ಕಳಿಸತೊಡಗಿತು. 1956ರಲ್ಲಿ ನಾವೂ ಒಪ್ಪಂದ ಮಾಡಿಕೊಂಡೆವು. 60ರ ದಶಕದ ಮಧ್ಯದ ಬರಗಾಲದಲ್ಲಿ ಹಡಗು ಬಂದರೆ ಊಟ ಅನ್ನೋ ಸ್ಥಿತಿ. ಆಮೇಲೆ ಹಸಿರು ಕ್ರಾಂತಿ, ಪಂಜಾಬಿನ ಗೋಧಿ, ರೇಷನ್ ಅಂಗಡಿ. ನಮ್ಮಪ್ಪ ಇವತ್ತಿಗೂ ತಾನು ಶಾಲೆಯಲ್ಲಿ ತಿಂದ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟಿನ ಬಗ್ಗೆ ಕಣ್ಣು ಅಗಲಿಸಿ ಮಾತಾಡುತ್ತಾರೆ. ಆ ಉಪ್ಪಿಟ್ಟಿಗೋಸ್ಕರವೇ ಶಾಲೆಗೆ ಹೋಗ್ತಿದ್ವಿ ಕಣಪ್ಪ, ಅಂತಾರೆ.

ನೋಡಿ, ಇಲ್ಲಿ ಬರೀ ಹೊಟ್ಟೆಯ ವಿಷಯ ಇಲ್ಲ, ಅಂತಸ್ತಿನ ವಿಷಯವೂ ಇದೆ. ಕನಕದಾಸರು 'ರಾಮಧಾನ್ಯ ಚರಿತೆ' ಬರೆದದ್ದು ಹದಿನಾರನೇ ಶತಮಾನದಲ್ಲಿ. ಅದರಲ್ಲಿ ಅಕ್ಕಿಗೂ ರಾಗಿಗೂ ಯಾರು ಶ್ರೇಷ್ಠರು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಗೆದ್ದ ರಾಗಿಗೆ ರಾಮ ತನ್ನ ರಾಘವ ಅನ್ನೋ ಹೆಸರನ್ನೇ ಕೊಡುತ್ತಾನೆ. ಬರ ಬಂದಾಗ ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಊರು ಕಾಯುತ್ತಿದ್ದುದನ್ನು ಕಂಡವರು ಬರೆದ ಕಥೆ ಅದು. ಕಾವ್ಯದಲ್ಲಿ ರಾಗಿ ಗೆದ್ದಿತು, ಮನೆಯಲ್ಲಿ ಗೆದ್ದದ್ದು ಅಕ್ಕಿಯೇ. ನಮ್ಮಜ್ಜಿ ನೆಂಟರು ಬಂದರೆ ಮುದ್ದೆ ಬಡಿಸಲು ನಾಚುತ್ತಿದ್ದಳು. ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ ಅನ್ನ. ಮಿಕ್ಕ ದಿನ ಹಿಟ್ಟು. ನನ್ನ ಕಾಲಕ್ಕೆ ಈ ಜಗಳಕ್ಕೆ ಮೂರನೆಯವನಾಗಿ ಚಪಾತಿ ಬಂತು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ರಾತ್ರಿ ದಿನಾ ಚಪಾತಿ. ಊರಿಗೆ ಬಂದರೆ ಸಕ್ಕರೆ ಕಾಯಿಲೆ ಬಂದವರಿಗೆಲ್ಲ 'ಮುದ್ದೆ ಅನ್ನ ಬಿಟ್ಟು ಚಪಾತಿ ತಿನ್ನಿ' ಅನ್ನೋ ಸಲಹೆ. ಚಪಾತಿ ಅಂದರೆ ಓದಿದವರ ಊಟ, ಪೇಟೆಯವರ ಊಟ.

ಹಾಸ್ಟೆಲ್ಲಿನಿಂದ ಕಂಪನಿ ಕ್ಯಾಂಟೀನಿಗೆ ಬಂದೆ. ಪೂರಿ, ಪರೋಟ, ಗೋಬಿ ಮಂಚೂರಿ, ನೂಡಲ್ಸ್, ಸಂಜೆ ಬೇಕರಿಯ ಖಾರಾ ಬನ್. ಮೂವತ್ತು ದಾಟುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಮ್ಮಿ ಅಂದರು, ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ, ಹಿಮೋಗ್ಲೋಬಿನ್ ಮೇಲೇಳಲಿಲ್ಲ. ಹೊಟ್ಟೆ ಉಬ್ಬರಕ್ಕೆ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು, ಇನ್ನೊಂದರಲ್ಲಿ ಟೆನ್ಷನ್ ಅಂದರು. ಸಾಫ್ಟ್‌ವೇರ್‌ನವರಿಗೆ ಏನೇ ಬಂದರೂ ಟೆನ್ಷನ್ ತಾನೇ. ಮೂರನೇ ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದುಕೊಟ್ಟರು, ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು. ಮೊದಲಿಬ್ಬರ ಮೇಲೆ ನನಗೆ ಬೇಸರ ಇದೆ, ಆದರೆ ಅವರಿಗೆ ಹೊಳೆಯದೇ ಇದ್ದದ್ದಕ್ಕೂ ಒಂದು ಕಾರಣ ಇದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಡಿಯಾದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದರು. ಉತ್ತರದಲ್ಲಿ ನೂರಕ್ಕೆ 1.23 ಜನಕ್ಕೆ ಸೀಲಿಯಾಕ್, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ಅಂದರೆ ಉತ್ತರದಲ್ಲಿ ಹೆಚ್ಚು ಕಮ್ಮಿ ಎಂಬತ್ತಕ್ಕೆ ಒಬ್ಬರು, ನಮ್ಮಲ್ಲಿ ಸಾವಿರಕ್ಕೆ ಒಬ್ಬರು. ದಕ್ಷಿಣದ ಡಾಕ್ಟರ ತಲೆಗೆ ಇದು ಬೇಗ ಬರುವುದಿಲ್ಲ. ಆದರೆ ಆ ಅಧ್ಯಯನದಲ್ಲಿ ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ಇನ್ನೊಂದು ಅಂಕಿ. ಈ ಕಾಯಿಲೆಗೆ ಬೇಕಾದ ವಂಶವಾಹಿ ಮೂರೂ ಭಾಗಗಳಲ್ಲಿ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿತ್ತು, ಸುಮಾರು ಮೂವರಲ್ಲಿ ಒಬ್ಬರಿಗೆ. ವ್ಯತ್ಯಾಸ ಇದ್ದದ್ದು ಗೋಧಿಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಶಾನ್ಯದವರೂ ಗೋಧಿ ಕಮ್ಮಿಯೇ ತಿನ್ನುತ್ತಿದ್ದರು, ಹಾಗಾಗಿ ಗೋಧಿಯೊಂದೇ ಎಲ್ಲಕ್ಕೂ ಉತ್ತರವಲ್ಲ. ಆದರೂ ನನ್ನಂಥ ಒಬ್ಬನ ಮಟ್ಟಿಗೆ ಚಿತ್ರ ಸ್ಪಷ್ಟ. ಬೀಜ ಅಜ್ಜನ ಮೈಯಲ್ಲೂ ಇದ್ದಿರಬಹುದು. ಆತ ಅದಕ್ಕೆ ನೀರು ಹಾಕಲಿಲ್ಲ, ದಿನಾ ಎರಡು ಹೊತ್ತು ಹಿಟ್ಟು ಉಂಡು ಎಂಬತ್ತು ದಾಟಿದ.

*

ವಿಷಯ ಗೊತ್ತಾದ ಮೇಲೆ ಊರಿಗೆ ಫೋನ್ ಮಾಡಿದೆ. ಗೋಧಿ ತಿನ್ನಬಾರದಂತೆ ಅಂದೆ. ಅಜ್ಜಿಗೆ ಕಿವಿ ಮಂದ, ಅಮ್ಮ ಕೂಗಿ ಹೇಳಿದಳು. ಆ ಕಡೆಯಿಂದ ಅಜ್ಜಿಯ ಮಾತು ಕೇಳಿಸಿತು: "ಹಿಟ್ಟು ತಿನ್ನು ಅನ್ನಕ್ಕೆ ಅಷ್ಟ್ ದೊಡ್ ಡಾಕ್ಟ್ರು ಬೇಕಿತ್ತಾ?"

ಯೂರೋಪಿನಲ್ಲಿ, ಅಮೆರಿಕದಲ್ಲಿ ಈ ಕಾಯಿಲೆ ಬಂದವರು ಬರೆದುಕೊಂಡದ್ದನ್ನು ಓದಿದರೆ ಒಂದು ದುಃಖ ಎದ್ದು ಕಾಣುತ್ತದೆ. ಬ್ರೆಡ್ ಹೋಯಿತು, ಅಮ್ಮ ಮಾಡುತ್ತಿದ್ದ ಕೇಕ್ ಹೋಯಿತು. ಅದಕ್ಕೆ ಬದಲಿ ಅಂತ ಸಿಗುವ ಬ್ರೆಡ್ ಪುಡಿಪುಡಿ. ನಮ್ಮ ಟೀಮಿನಲ್ಲಿ ಲೂಧಿಯಾನದ ಒಬ್ಬ ಹುಡುಗನಿದ್ದಾನೆ, ಅವನ ತಂಗಿಗೂ ಇದೇ ಕಾಯಿಲೆ. ಅವರ ಮನೆಯಲ್ಲಿ ರೊಟ್ಟಿ ಅಂದರೆ ಊಟ, ಊಟ ಅಂದರೆ ರೊಟ್ಟಿ. ಅವಳಿಗೆ ಸಮಾಧಾನ ಕೊಡುವ ಊಟವೇ ಅವಳ ಶತ್ರು. ನನಗೆ ಹಾಗಾಗಲಿಲ್ಲ. ಮನಸ್ಸು ಕೆಟ್ಟಾಗ ನೆನಪಾಗುವ ಊಟ ನನಗೆ ಯಾವತ್ತೂ ಚಪಾತಿ ಆಗಿರಲೇ ಇಲ್ಲ. ಬಿಸಿ ಮುದ್ದೆ, ಹುರುಳಿ ಕಾಳಿನ ಬಸ್ಸಾರು. ಜ್ವರ ಬಂದರೆ ಮೆಣಸಿನ ಸಾರು, ಅನ್ನ. ಮಳೆ ಬಂದರೆ ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಇದ್ಯಾವುದರಲ್ಲೂ ಗ್ಲೂಟನ್ ಇಲ್ಲ. ಉತ್ತರ ಕರ್ನಾಟಕದ ಗೆಳೆಯರಿಗೆ ಜೋಳದ ರೊಟ್ಟಿ, ಎಣಗಾಯಿ. ಅದರಲ್ಲೂ ಇಲ್ಲ.

ಅಂಟಿಲ್ಲದೆ ಇವೆಲ್ಲ ಹೇಗೆ ಹಿಡಿದು ನಿಲ್ಲುತ್ತವೆ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಗೋಧಿಗೆ ತಣ್ಣೀರು ಸಾಕು, ಕಲಸಿದರೆ ಅಂಟು ತಾನೇ ಎದ್ದು ಬರುತ್ತದೆ. ರಾಗಿ, ಜೋಳ, ಅಕ್ಕಿಗೆ ಆ ಅಂಟಿಲ್ಲ. ನಮ್ಮ ಹೆಂಗಸರು ಅದಕ್ಕೆ ಕಂಡುಕೊಂಡ ಉಪಾಯ ಬಿಸಿನೀರು. ಎಸರು ಕುದಿಯುವಾಗ ರಾಗಿ ಹಿಟ್ಟು ಸುರಿದು, ಬೇಯಲು ಬಿಟ್ಟು, ಕೋಲು ಹಾಕಿ ತೊಳಸಿದರೆ ಪಿಷ್ಟ ನೀರು ಕುಡಿದು ಉಬ್ಬಿ ತಾನೇ ಅಂಟಾಗುತ್ತದೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಬಡಿಯೋದು, ಮಲೆನಾಡು ಕೊಡಗಿನಲ್ಲಿ ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ಮಾಡೋದು, ಎಲ್ಲದರ ಗುಟ್ಟೂ ಒಂದೇ. ಗ್ಲೂಟನ್ ಇಲ್ಲದ ಬ್ರೆಡ್ ಹೇಗೆ ಮಾಡೋದು ಅಂತ ದೊಡ್ಡ ದೊಡ್ಡ ಕಂಪನಿಗಳು ತಲೆ ಕೆಡಿಸಿಕೊಳ್ಳುವ ಪ್ರಶ್ನೆಗೆ ನಮ್ಮ ಅಜ್ಜಿಯಂದಿರು ಒಲೆ ಮುಂದೆ ಕೂತು ಉತ್ತರ ಬರೆದಿಟ್ಟಿದ್ದರು.

ಹಾಗಂತ 'ನಮ್ಮದು, ನಮ್ಮ ಮಣ್ಣಿನದು' ಅಂತ ಮೀಸೆ ತಿರುವುವ ಹಾಗೂ ಇಲ್ಲ. ರಾಗಿಯ ತವರು ಪೂರ್ವ ಆಫ್ರಿಕಾ, ಇಥಿಯೋಪಿಯಾದ ಎತ್ತರದ ನಾಡು. ಜೋಳವೂ ಆಫ್ರಿಕಾದ್ದೇ. ಸಾವಿರಾರು ವರ್ಷಗಳ ಹಿಂದೆ ಬಂದು ಇಲ್ಲಿ ಬೇರು ಬಿಟ್ಟವು. ಆ ನಂಟು ಮತ್ತೊಮ್ಮೆ ಕೂಡಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ತಂದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಎರಡೂ ಸೇರಿ ಇಂಡಾಫ್. ನಮ್ಮ ಹೊಲದಲ್ಲಿ ಅಜ್ಜ ಬಿತ್ತುತ್ತಿದ್ದುದೂ ಇಂಡಾಫ್ ರಾಗಿಯೇ. ದೇಶವೆಲ್ಲ ಗೋಧಿ, ಭತ್ತದ ಹಸಿರು ಕ್ರಾಂತಿಯ ಹಿಂದೆ ಓಡುತ್ತಿದ್ದಾಗ ಒಬ್ಬರು ಬಡವರ ಧಾನ್ಯದ ಹಿಂದೆ ನಿಂತಿದ್ದರು.

ಇಷ್ಟೆಲ್ಲ ಇದ್ದರೂ ಬೆಂಗಳೂರಿನಲ್ಲಿ ಗ್ಲೂಟನ್ ಇಲ್ಲದೆ ಬದುಕುವುದು ಸುಲಭವಲ್ಲ. ಮೊದಲ ಹೊಡೆತ ಕೊಟ್ಟದ್ದು ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಶುದ್ಧ ಇಂಗಲ್ಲ, ಅದಕ್ಕೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ. ಅಂದರೆ ಹೋಟೆಲ್ಲಿನ ಸಾಂಬಾರು, ರಸಂ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲದರ ಮೇಲೂ ಅನುಮಾನ. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಮನೆಯಲ್ಲಿ ಅದೇ. ಮದ್ದೂರು ವಡೆಯಲ್ಲಿ ರವೆ, ಮೈದಾ. ನಮ್ಮೂರ ದಾರಿಯಲ್ಲೇ ಬರುವ ಮದ್ದೂರು ಈಗ ಬರೀ ಕಾಫಿಗೆ. ಗೋಬಿ ಮಂಚೂರಿಯಲ್ಲಿ ಮೈದಾ, ಸಾಲದ್ದಕ್ಕೆ ಸೋಯಾ ಸಾಸ್, ಅದರಲ್ಲೂ ಗೋಧಿ. ಬಿಯರ್ ಬಾರ್ಲಿಯದು. ಹಾಲಿಗೆ ಬೆರೆಸುವ ಎಷ್ಟೋ ಮಾಲ್ಟ್ ಪುಡಿಗಳದ್ದೂ ಅದೇ ಕಥೆ. ಬರೀ ರಾಗಿಯಿಂದ ಮಾಡಿದ ರಾಗಿ ಮಾಲ್ಟಿಗೆ ಮಾತ್ರ ಭಯವಿಲ್ಲ. ಇಡ್ಲಿ, ದೋಸೆ ಅಕ್ಕಿ ಉದ್ದಿನದ್ದೇ, ಆದರೆ ಅದೇ ಕಾವಲಿಯ ಮೇಲೆ ಈಗ ತಾನೇ ರವೆ ದೋಸೆ ಹುಯ್ದಿರುತ್ತಾರೆ. ನಮ್ಮ ಆಹಾರ ಸುರಕ್ಷತೆಯ ನಿಯಮದ ಪ್ರಕಾರ 'ಗ್ಲೂಟನ್ ಫ್ರೀ' ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲೂಟನ್ 20 ಮಿಲಿಗ್ರಾಂ ಮೀರುವಂತಿಲ್ಲ. ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ. ಇಷ್ಟೇ ಇಷ್ಟು ಮೈದಾ ಅಂದರೂ ನನಗೆ ಜಾಸ್ತಿಯೇ.

ರಾಗಿಯೂ ಪೂರ್ತಿ ನಿಶ್ಚಿಂತೆ ಅಲ್ಲ. ಊರಿನ ಫ್ಲೋರ್ ಮಿಲ್ಲಿನಲ್ಲಿ ಒಂದೇ ಮಿಷನ್ನಿಗೆ ಎಲ್ಲರ ಗೋಧಿ, ಎಲ್ಲರ ರಾಗಿ. ಅಮ್ಮ ಈಗ ಮಿಲ್ಲಿಗೆ ಹೋದರೆ ಕಾಯುತ್ತಾ ಕೂರುತ್ತಾಳೆ. ಮೂರ್ನಾಲ್ಕು ಮನೆಯ ರಾಗಿ ಬೀಸಿ ಆದ ಮೇಲೆ ನಮ್ಮದು. ಮಿಲ್ಲಿನ ಅಣ್ಣ ಮೊದಮೊದಲು ರೇಗುತ್ತಿದ್ದ. ಈಗ ಅವನೇ ಹೇಳುತ್ತಾನಂತೆ, "ಕೂತ್ಕೊಳ್ಳಕ್ಕ, ಗೋಧಿ ಬಂದದೆ, ಅದಾದ್ಮೇಲೆ ಇನ್ನೆರಡು ರಾಗಿ ಹಾಕ್ಬುಟ್ಟು ನಿಂದ್ ಹಾಕ್ತೀನಿ." ಆ ಹಿಟ್ಟೂ ನನಗೆ ಸಾಲದು, ಕಲ್ಲಿನಲ್ಲಿ ಏನುಳಿದಿದೆಯೋ ಯಾರಿಗೆ ಗೊತ್ತು. ಹಾಗಾಗಿ ಅದು ಅವರ ಮನೆ ಖರ್ಚಿಗೆ, ನನ್ನ ಪಾಲಿನ ರಾಗಿಯನ್ನು ತೊಳೆದು ಒಣಗಿಸಿ ಬೆಂಗಳೂರಿಗೆ ಕಳಿಸುತ್ತಾಳೆ. ಗೋಧಿ ಕಾಣದ ಒಂದು ಪುಟ್ಟ ಮಿಷನ್ ಮನೆಯಲ್ಲಿಟ್ಟುಕೊಂಡಿದ್ದೇನೆ, ಭಾನುವಾರ ಬೀಸುತ್ತೇನೆ. ನೆಂಟರ ಮುಂದೆ ಮುದ್ದೆ ಬಡಿಸಲು ನಾಚುತ್ತಿದ್ದ ಮನೆ ಈಗ ನನ್ನ ಮುದ್ದೆಗೆ ಯಾರ ಚಪಾತಿ ಹಿಟ್ಟೂ ಸೋಕದ ಹಾಗೆ ಕಾಯುತ್ತದೆ. ಕನಕದಾಸರ ರಾಗಿ ಎರಡನೇ ಸಲ ಗೆದ್ದಿತು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಈಗ ನಿಮ್ಮ ಸರದಿ. ಇದನ್ನು ಓದಿ ನಾಳೆಯಿಂದಲೇ ಗೋಧಿ ಬಿಡಬೇಡಿ. ಕಾಯಿಲೆ ಇಲ್ಲದವರಿಗೆ ಗೋಧಿ ಒಳ್ಳೆಯ ಧಾನ್ಯವೇ. ಆದರೆ ಕಬ್ಬಿಣದ ಮಾತ್ರೆ ನುಂಗಿ ನುಂಗಿಯೂ ರಕ್ತ ಏರದಿದ್ದರೆ, ಹೊಟ್ಟೆಯ ತೊಂದರೆ ವರ್ಷಗಟ್ಟಲೆ ಬಿಡದಿದ್ದರೆ, ಮನೆಯಲ್ಲಿ ಮಗು ತಿಂದರೂ ಬೆಳೆಯದಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಮೊದಲ ಹಂತಕ್ಕೆ ಒಂದು ರಕ್ತ ಪರೀಕ್ಷೆ ಇದೆ. ಪರೀಕ್ಷೆ ಆಗುವವರೆಗೆ ಗೋಧಿ ತಿನ್ನುತ್ತಲೇ ಇರಬೇಕು. ಮೊದಲೇ ಬಿಟ್ಟರೆ ಕಾಯಿಲೆ ಅಡಗಿ ಕೂರುತ್ತದೆ, ಪರೀಕ್ಷೆಗೆ ಸಿಗುವುದಿಲ್ಲ. ಬಗ್ ಇರುವಾಗಲೇ ಲಾಗ್ ತೆಗೆಯಬೇಕು ಅಲ್ವಾ, ಹಾಗೆ.

ಡಿಕ್ಕೆ 1962ರಲ್ಲಿ ತೀರಿಕೊಂಡ, ವಯಸ್ಸು ಅರವತ್ತೂ ಆಗಿರಲಿಲ್ಲ. ಆತ ಹೊಸ ಔಷಧಿ ಕಂಡುಹಿಡಿಯಲಿಲ್ಲ, ಹೊಸ ಯಂತ್ರ ಮಾಡಲಿಲ್ಲ. ಒಬ್ಬ ತಾಯಿ ಹೇಳಿದ ಮಾತನ್ನು ತಳ್ಳಿಹಾಕದೆ ಹದಿನೈದು ವರ್ಷ ಅದರ ಬೆನ್ನು ಹತ್ತಿದ, ಅಷ್ಟೇ. ಮುಂದಿನ ಸಲ ನಿಮ್ಮ ಟೇಬಲ್ಲಿನಲ್ಲಿ ಯಾರಾದರೂ 'ನನಗೆ ಗೋಧಿ ಆಗಲ್ಲ, ಇಂಗು ಯಾವುದು ಹಾಕಿದ್ದೀರಿ' ಅಂತ ಕೇಳಿದರೆ ನಗಬೇಡಿ. ಡಬ್ಬಿ ತಿರುಗಿಸಿ ಓದಿ ಹೇಳಿ.